ಮೊದಲ ಪುಸ್ತಕದ ಸಂಭಾವನೆ

ಪುಸ್ತಕ ಬರೆಯುವವರ ಕಷ್ಟವನ್ನು ಕುರಿತು ಲೋಕದಲ್ಲಿ ಬೇಕಾದಷ್ಟು ಮಾತುಗಳು ಆಗಿವೆ. ಆ ಮಾತುಗಳನ್ನು ಆಡಿದವರೆಲ್ಲ ಪುಸ್ತಕ ಬರೆದವರೇ ಆದ್ದರಿಂದ ಅವುಗಳಲ್ಲಿ ಕೊಂಚ ಅತಿಶಯೋಕ್ತಿ ಸೇರಿದ್ದರೂ ಸೇರಿರಬಹುದು. ಈ ಹೊತ್ತು ನಾವು ಆ ಕಷ್ಟದ ಕಥೆಯನ್ನು ಎತ್ತುವುದಿಲ್ಲ. ಪುಸ್ತಕ ಅಚ್ಚಾಗಿ, ಅಂಗಡಿಯನ್ನು ಸೇರಿ, ಅಲ್ಲಿಂದ ಹೇಗೋ ಒಂದೆರಡು ಪ್ರತಿಗಳು ಖರ್ಚಾದ ಮೇಲೆ, ಬರೆದವನಿಗೆ ದೊರೆಯುವ ಸಣ್ಣಪುಟ್ಟ ಸುಖಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ದೊಡ್ಡ ಗ್ರಂಥಕರ್ತರಿಗೆ ಸಲ್ಲುವ ಮರ್ಯಾದೆ ಎಲ್ಲರಿಗೂ ಕಾಣುವಂಥದು. ಶಾಲು, ಹಾರ, ಫಲತಾಂಬೂಲ, ಮೆರವಣಿಗೆ, ಮಾರನೆಯ ದಿನದ ಪತ್ರಿಕೆಯಲ್ಲಿ ಭಾವಚಿತ್ರ, ಇವುಗಳಿಗೆ ನಮ್ಮ ವರ್ಣನೆ ಬೇಕಾಗಿಲ್ಲ. ಮೊದಲ ಪುಸ್ತಕದ ಸಂಭಾವನೆ ಬೇರೊಂದು ಜಾತಿಗೆ ಸೇರಿದ್ದು. ಅದು ಎಷ್ಟು ಚಿಕ್ಕದೆಂದರೆ, ಬರೆದವನ ಹೊರತು ಬೇರೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಆದರೂ ಅದನ್ನು ಒಮ್ಮೆ ಪಡೆದವನು ಜೀವಮಾನವೆಲ್ಲ ಮರೆಯಲಾರ.

ಈ ವಿಷಯವಾಗಿ ಮಾತನಾಡಲು ನಮಗಿರುವ ಯೋಗ್ಯತೆ ಇಷ್ಟೇ: ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುತ್ತ ಇಪ್ಪತ್ತು ವರ್ಷ ಕಳೆದ ಮೇಲೆ, ನಮ್ಮ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ನಾವೂ ಕನ್ನಡದಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದೆವು. ೧೨೮ ಪುಟಗಳ ಪ್ರಬಂಧ ಸಂಗ್ರಹ ಅದು. ಪರರ ಪುಸ್ತಕಗಳಲ್ಲಿ ಗುಣದೋಷಗಳನ್ನು ಹುಡುಕುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡವನು ತಾನೇ ಪುಸ್ತಕ ಬರೆಯಲು ಹೊರಟರೆ, ನ್ಯಾಯಾಧೀಶನು ಪೀಠದಿಂದ ಇಳಿದು ಬಂದು ಕಟಕಟೆಯಲ್ಲಿ ನಿಂತಂತೆ. ಅಲ್ಲಿ ನಿಂತ ಮೇಲೆಯೇ, ಇಷ್ಟು ಕಾಲವೂ ಎಷ್ಟು ಸಲೀಸಾಗಿ ತೀರ್ಪು ಕೊಟ್ಟುಬಿಟ್ಟೆವೆಂಬುದು ನಮಗೆ ತಿಳಿದದ್ದು.

ಪ್ರಕಾಶಕರೊಬ್ಬರನ್ನು ಕಂಡೆವು. ಪ್ರಬಂಧಗಳು ಬಹಳ ಚೆನ್ನಾಗಿವೆಯೆಂದೂ, ಪ್ರಬಂಧಗಳಿಗೆ ಗಿರಾಕಿಗಳಿಲ್ಲವೆಂದೂ ಅವರು ಒಂದೇ ಉಸಿರಿನಲ್ಲಿ ಹೇಳಿದರು. ಈ ಎರಡು ವಾಕ್ಯಗಳಲ್ಲಿ ಮೊದಲನೆಯದನ್ನು ಮಾತ್ರ ನಂಬಿ ನಾವೇ ಅಚ್ಚು ಹಾಕಿಸಲು ನಿಶ್ಚಯಿಸಿದೆವು. ೫೦೦ ಪ್ರತಿಗಳಿಗೆ ೩೦,೦೦೦ ರೂಪಾಯಿ. ಬೆಲೆ ೧೨೦ ರೂಪಾಯಿ. ಅದರಲ್ಲಿ ಮೂರನೆಯ ಒಂದು ಪಾಲು ಅಂಗಡಿಯವರಿಗೆ ಹೋಗಿ, ಪ್ರತಿಯೊಂದಕ್ಕೆ ೮೦ ರೂಪಾಯಿ ನಮಗೆ. ೩೭೫ ಪ್ರತಿಗಳು ಮಾರಿದರೆ ಹಾಕಿದ ಹಣ ಹಿಂದಕ್ಕೆ ಬಂತು. ಉಳಿದ ೧೨೫ ಪ್ರತಿಗಳಿಂದ ೧೦,೦೦೦ ರೂಪಾಯಿ ಲಾಭ. ಆ ಲಾಭದಿಂದ ಎರಡನೆಯ ಪುಸ್ತಕ. ಪಂಚತಂತ್ರದ ಬ್ರಾಹ್ಮಣನು ಹಿಟ್ಟಿನ ಗಡಿಗೆಯ ಕೆಳಗೆ ಮಲಗಿ ಇದೇ ರೀತಿಯ ಲೆಕ್ಕವನ್ನು ಹಾಕಿದನೆಂಬುದನ್ನು ನಾವು ಬಲ್ಲೆವು. ಆದರೆ ಅವನು ಕಾಗದದ ಮೇಲೆ ಕೂಡಿ ಕಳೆದು ನೋಡಿರಲಿಲ್ಲ, ನಾವು ನೋಡಿದ್ದೆವು.

ಮನೆಯಲ್ಲಿ ಈ ಲೆಕ್ಕವನ್ನು ಒಪ್ಪದೆ ಇದ್ದವರು ನಮ್ಮ ತಾಯಿಯವರೊಬ್ಬರೇ. ಅದಕ್ಕೆ ಕಾರಣವಿತ್ತು. ನಮ್ಮ ತಂದೆಯವರು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ೧೯೮೩ರಲ್ಲಿ ಅವರು ಸುತ್ತಮುತ್ತಣ ಊರುಗಳ ಕೆರೆಗಳನ್ನು ಕುರಿತು ೬೪ ಪುಟಗಳ ಒಂದು ಚಿಕ್ಕ ಪುಸ್ತಕವನ್ನು ಬರೆದು, ತಾಲ್ಲೂಕು ಕೇಂದ್ರದ ಅಚ್ಚುಕೂಟವೊಂದರಲ್ಲಿ ೩೦೦ ಪ್ರತಿಗಳನ್ನು ತೆಗೆಸಿದರು. ಬೆಲೆ ೩ ರೂಪಾಯಿ. ಅಚ್ಚಿನ ಕೂಲಿಗಾಗಿ ತಾಯಿಯವರ ಎರಡು ಬಳೆಗಳು ಗಿರವಿಗೆ ಹೋದವು. ಪುಸ್ತಕವನ್ನು ಯಾರೂ ಕೊಳ್ಳಲಿಲ್ಲ. ಮದುವೆ ಮುಂಜಿಗಳಲ್ಲಿ ತಾಂಬೂಲದ ಜೊತೆಗೆ ಒಂದೊಂದನ್ನು ಕೊಟ್ಟದ್ದಾಯಿತು. ಅಂಥ ಪ್ರತಿಗಳು ಮನೆಗೆ ಹೋದ ಮೇಲೆ ಏನಾಗುತ್ತವೆಂಬುದು ಎಲ್ಲರಿಗೂ ತಿಳಿದದ್ದೇ. ಉಳಿದವು ಅಟ್ಟವನ್ನು ಸೇರಿ ಗೆದ್ದಲಿಗೆ ಆಹಾರವಾದವು. ಬಳೆಗಳನ್ನು ಬಿಡಿಸಿಕೊಳ್ಳಲು ನಾಲ್ಕು ವರ್ಷ ಹಿಡಿಯಿತು. ತಂದೆಯವರು ಮತ್ತೆ ಲೇಖನಿಯನ್ನು ಹಿಡಿಯಲಿಲ್ಲ. ಆದ್ದರಿಂದ ನಮ್ಮ ಪುಸ್ತಕದ ಮಾತು ಬಂದಾಗ ತಾಯಿಯವರು, "ಈ ಮನೆಯಲ್ಲಿ ಒಂದು ಸಲ ಆದದ್ದು ಸಾಲದೆ, ಮಗು?" ಎಂದರು. ಕಾಲ ಬೇರೆ, ಪುಸ್ತಕ ಬೇರೆ ಎಂದು ನಾವು ಸಮಾಧಾನ ಹೇಳಿದೆವು. ಬಳೆಗೆ ಬದಲಾಗಿ ಈ ಸಲ ಹಬ್ಬದ ಮುಂಗಡವೂ ಎರಡು ವರ್ಷದ ಉಳಿತಾಯವೂ ಹೋಯಿತೆಂಬ ಸಂಗತಿಯನ್ನು ಮಾತ್ರ ಹೇಳಲಿಲ್ಲ.

ಮೊದಲ ಸುಖ ಬೈಂಡಿನ ಮನೆಯಲ್ಲಿಯೇ ದೊರೆಯುತ್ತದೆ. ಅಂಟು ಇನ್ನೂ ಪೂರ್ತಿ ಆರಿರುವುದಿಲ್ಲ. ಕಟ್ಟನ್ನು ಬಿಚ್ಚಿ, ಮೇಲಿನ ಪ್ರತಿಯನ್ನು ಕೈಗೆ ತೆಗೆದುಕೊಂಡು, ಮುಖಪುಟವನ್ನು ನೋಡದವರಂತೆ ನೋಡಿ, ನಡುವೆ ಎಲ್ಲಿಯೋ ತೆರೆದರೆ, ಆ ಪುಟದಲ್ಲಿಯೇ ಒಂದು ಅಚ್ಚಿನ ತಪ್ಪು ಕಾಣಬೇಕೆಂಬುದು ವಿಧಿನಿಯಮ. ಮೂರು ಸಲ ಕರಡು ತಿದ್ದಿದಾಗ ಅಡಗಿ ಕುಳಿತಿದ್ದ ತಪ್ಪು, ಪುಸ್ತಕವಾದ ಕೂಡಲೆ ಹೊಸ್ತಿಲಿಗೆ ಬಂದು ನಿಂತು ಸ್ವಾಗತಿಸುತ್ತದೆ. ಆದರೂ ಆ ದಿನ ಅದು ದೊಡ್ಡ ದುಃಖವೆನಿಸುವುದಿಲ್ಲ. ಮನೆಗೆ ಒಯ್ದು ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ನಮ್ಮ ಮನೆಯವರ ಕೈಗೆ ಕೊಟ್ಟೆವು. ಅವರು ಹಾಳೆಗಳನ್ನು ಮಗುಚಿ, "ಅಕ್ಷರ ಚೆನ್ನಾಗಿ ಬಂದಿದೆ ಕಣ್ರೀ," ಎಂದರು. ಪ್ರಪಂಚದಲ್ಲಿ ನಮ್ಮ ಪುಸ್ತಕದ ಮೇಲೆ ಬಂದ ಮೊದಲನೆಯ ವಿಮರ್ಶೆ ಅದು. ನಿಷ್ಪಕ್ಷಪಾತವಾದದ್ದೂ ಹೌದು; ಅಕ್ಷರ ನಮ್ಮದಾಗಿರಲಿಲ್ಲ.

ಎರಡನೆಯದು ಗೌರವಪ್ರತಿಗಳನ್ನು ಹಂಚುವ ಸುಖ. ಇದು ಬೇಗ ಮುಗಿಯುತ್ತದೆ. ಪುಸ್ತಕವನ್ನು ಪುಕ್ಕಟೆಯಾಗಿ ಪಡೆದವರು ಅದನ್ನು ಓದುವುದಿಲ್ಲವೆಂಬುದು ಪ್ರಪಂಚದ ಎಲ್ಲ ದೇಶಗಳಲ್ಲಿಯೂ ಕಂಡುಬಂದಿರುವ ಸತ್ಯ. ನಲವತ್ತು ಪ್ರತಿಗಳನ್ನು ಹೀಗೆ ಕೊಟ್ಟೆವು. ಪಡೆದವರೆಲ್ಲರೂ ಬಿಡುವಾದಾಗ ಓದುವುದಾಗಿ ಹೇಳಿದರು. ಅವರು ಎಷ್ಟು ಕಾರ್ಯಮಗ್ನರೆಂಬುದು ಅದುವರೆಗೆ ನಮಗೆ ತಿಳಿದಿರಲಿಲ್ಲ. ಪುಸ್ತಕ ತಮ್ಮ ಕೈಗೆ ಬಂದ ದಿನದಿಂದ ಕೆಲವರು ನಮ್ಮನ್ನು ಕಂಡರೆ ಬೀದಿಯ ಆಚೆಯ ಪಕ್ಕಕ್ಕೆ ದಾಟಿಕೊಳ್ಳುತ್ತಿದ್ದರು. ಸಾಲ ಕೊಟ್ಟವನನ್ನು ಕಂಡರೆ ಜನ ಹಾಗೆ ಮಾಡುವುದುಂಟು; ಪುಸ್ತಕ ಕೊಟ್ಟವನೂ ಒಂದು ಬಗೆಯಲ್ಲಿ ಸಾಲಗಾರನೇ ಎಂದು ಆಗ ಅರಿವಾಯಿತು.

ಇನ್ನು ಅಂಗಡಿಯ ವಿಷಯ. ಊರಿನ ಪುಸ್ತಕದ ಅಂಗಡಿಯೊಂದರಲ್ಲಿ ೨೫ ಪ್ರತಿಗಳನ್ನು ಇಟ್ಟೆವು. ಇಟ್ಟ ವಾರದಲ್ಲಿಯೇ, ಪುಸ್ತಕ ಗಿರಾಕಿಗಳ ಕಣ್ಣಿಗೆ ಬೀಳುವ ಹಾಗೆ ಇದೆಯೇ ಎಂದು ನೋಡಿಕೊಂಡು ಬರುವುದಕ್ಕಾಗಿ ಹೋದೆವು. ಅಂದು ಯಜಮಾನರು ಇರಲಿಲ್ಲ. ಹೊಸದಾಗಿ ಸೇರಿದ ಹುಡುಗನೊಬ್ಬನಿದ್ದ. ನಮ್ಮ ಪುಸ್ತಕವನ್ನು ಕೆಳಗಿನ ಸಾಲಿನಿಂದ ಎತ್ತಿ ಮೇಲಿನ ಸಾಲಿನಲ್ಲಿ ಇಡುತ್ತಿದ್ದಾಗ ಅವನು ಹಿಂದೆ ಬಂದು ನಿಂತು, "ಅದು ಬೇಕಾ ಸಾರ್?" ಎಂದು ಕೇಳಿದ. ಬೇಡವೆನ್ನಲು ಬಾಯಿ ಬರಲಿಲ್ಲ. ಬರೆದವರು ನಾವೇ ಎನ್ನಲು ಧೈರ್ಯ ಬರಲಿಲ್ಲ. ೧೨೦ ರೂಪಾಯಿ ಕೊಟ್ಟು ಕೊಂಡುಕೊಂಡು ಬಂದೆವು. ನಮ್ಮ ಪುಸ್ತಕದ ಮೊದಲ ಗಿರಾಕಿಯ ಇತಿಹಾಸ ಇದು.

ಮೂರು ತಿಂಗಳ ತರುವಾಯ ಯಜಮಾನರು ಲೆಕ್ಕ ನೋಡಿದರು. ಅವರು ಹಳೆಯ ಕಾಲದವರು. ಲೆಕ್ಕವನ್ನು ಉದ್ದನೆಯ ಪುಸ್ತಕದಲ್ಲಿ ಕೈಯಿಂದಲೇ ಬರೆದಿಟ್ಟಿರುತ್ತಾರೆ. ಕನ್ನಡಕವನ್ನು ಸರಿಪಡಿಸಿಕೊಂಡು, ಬೆರಳನ್ನು ಸಾಲಿನ ಮೇಲೆ ಎಳೆದು, "ಮೇಷ್ಟ್ರೇ, ಏಳು ಹೋಗಿದೆ," ಎಂದರು. ಏಳು ಎಂಭತ್ತಲೆ ಐನೂರ ಅರವತ್ತು. ನೋಟುಗಳನ್ನು ಎಣಿಸಿ ಒಂದು ಹಳೆಯ ಲಕೋಟೆಯಲ್ಲಿ ಹಾಕಿ ಕೊಟ್ಟರು. ಯಾರು ಯಾರು ಕೊಂಡರೆಂದು ಕೇಳಿದೆವು. "ಕಾಸು ಕೊಟ್ಟವರ ಜಾತಕ ಕೇಳೋಕಾಗುತ್ಯೇ, ಮೇಷ್ಟ್ರೇ?" ಎಂದು ನಕ್ಕರು. ತಿಂಗಳ ಸಂಬಳ ನಮಗೆ ಇಪ್ಪತ್ತು ವರ್ಷದಿಂದ ಬರುತ್ತಿದೆ. ಆ ಹಣವನ್ನು ಜೇಬಿನಲ್ಲಿಟ್ಟುಕೊಂಡು ಎಂದೂ ನಾವು ಎರಡು ಮೈಲಿ ನಡೆದುಕೊಂಡು ಮನೆಗೆ ಹೋದದ್ದಿಲ್ಲ. ಅಂದು ಹೋದೆವು. ದಾರಿಯಲ್ಲಿ ಎರಡು ಮೊಳ ಮಲ್ಲಿಗೆಯನ್ನೂ ಕಾಲು ಕಿಲೋ ಮೈಸೂರು ಪಾಕನ್ನೂ ಕೊಂಡೆವು.

ಏಳು ಪ್ರತಿಗಳು ಹೆಚ್ಚೋ ಕಡಮೆಯೋ ಎಂಬ ಪ್ರಶ್ನೆ ರಾತ್ರಿ ನಿದ್ರೆ ಬಾರದೆ ಇದ್ದಾಗ ಎದ್ದಿತು. ನಮ್ಮಂಥ ಪಾಠ ಹೇಳುವವರಿಗೆ ಇಂಥ ಸಮಯದಲ್ಲಿ ಸಾಹಿತ್ಯಚರಿತ್ರೆಯೇ ಗತಿ. ಇಂಗ್ಲೆಂಡಿನಲ್ಲಿ ಬ್ರಾಂಟೆ ಮನೆತನದ ಮೂವರು ಸೋದರಿಯರು ೧೮೪೬ರಲ್ಲಿ ತಮ್ಮ ಕವಿತೆಗಳನ್ನು ಒಂದು ಪುಸ್ತಕವಾಗಿ ಹೊರತಂದರು. ಸತ್ತುಹೋದ ದೊಡ್ಡಮ್ಮನಿಂದ ಬಂದ ಹಣದಲ್ಲಿ ಮೂವತ್ತು ಪೌಂಡಿಗೂ ಮಿಗಿಲಾದ ಮೊತ್ತವನ್ನು ಪ್ರಕಾಶಕರಿಗೆ ಮುಂಗಡವಾಗಿ ತಾವೇ ಕೊಟ್ಟರು. ಹೆಂಗಸರೆಂದು ತಿಳಿಯದಿರಲೆಂದು ಕರರ್, ಎಲ್ಲಿಸ್, ಆಕ್ಟನ್ ಬೆಲ್ ಎಂಬ ಹೆಸರುಗಳನ್ನಿಟ್ಟುಕೊಂಡರು. ಒಂದು ವರ್ಷದಲ್ಲಿ ಮಾರಾಟವಾದದ್ದು ಎರಡೇ ಪ್ರತಿಗಳು. ಅಂತೂ ಶಾರ್ಲಟ್ ಬ್ರಾಂಟೆಗಿಂತ ನಾವು ಐದು ಪ್ರತಿ ಮುಂದು! ಆದರೆ ಆ ಎರಡು ಪ್ರತಿಗಳ ಕಥೆಯಲ್ಲಿ ಇನ್ನೂ ಒಂದು ಅಂಶವಿದೆ. ಅದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ವಾರಿಕ್ ಪಟ್ಟಣದ ಓದುಗನೊಬ್ಬನು ಆ ಕವಿತೆಗಳನ್ನು ಮೆಚ್ಚಿ, ಕವಿಗಳ ಹಸ್ತಾಕ್ಷರ ಬೇಕೆಂದು ಪ್ರಕಾಶಕರಿಗೆ ಬರೆದ. ಮೂವರು ಸೋದರಿಯರೂ ಒಂದು ಚೀಟಿಯ ಮೇಲೆ ತಮ್ಮ ಕಲ್ಪಿತ ನಾಮಗಳನ್ನು ಬರೆದು ಕಳುಹಿಸಿದರು. ಆ ಚೀಟಿ ಉಳಿದುಬಂದಿದೆ. ಮರುವರ್ಷ, ೧೮೪೭ರಲ್ಲಿ, 'ಜೇನ್ ಏರ್' ಹೊರಬಂದು ಶಾರ್ಲಟ್ಟಳ ಕೀರ್ತಿ ಹಬ್ಬಿತು. ಆ ಮೇಲೆ ಬಂದ ಕೀರ್ತಿಗೆ ಲೆಕ್ಕವಿಲ್ಲ; ಆದರೆ ಹಾವರ್ತಿನ ಗಾಳಿ ಹೊಡೆಯುವ ಆ ಮನೆಯಲ್ಲಿ, ಒಂದು ಚೀಟಿಯ ಮೇಲೆ ಮೂವರೂ ಸರದಿಯಾಗಿ ಹೆಸರು ಬರೆದ ಹೊತ್ತಿನ ಸಂತೋಷ ಅದಕ್ಕಿಂತ ಕಡಮೆಯದಾಗಿರಲಾರದೆಂದು ನಮ್ಮ ಊಹೆ.

ಜೇನ್ ಆಸ್ಟೆನ್ನಳು ೧೮೧೧ರಲ್ಲಿ ತನ್ನ ಮೊದಲ ಕಾದಂಬರಿಯನ್ನು ಸ್ವಂತ ಹೊಣೆಯ ಮೇಲೆಯೇ ಅಚ್ಚು ಹಾಕಿಸಿದಳು. ನಷ್ಟವಾಗುವುದು ಖಂಡಿತವೆಂದು ನಂಬಿ, ಅದನ್ನು ತುಂಬಿಕೊಡಲು ತನ್ನ ಅಲ್ಪ ಆದಾಯದಲ್ಲಿ ಸ್ವಲ್ಪ ಹಣವನ್ನು ಬೇರೆ ತೆಗೆದಿಟ್ಟಿದ್ದಳಂತೆ. ಪುಸ್ತಕದ ಮೇಲೆ ಅವಳ ಹೆಸರಿರಲಿಲ್ಲ. 'ಒಬ್ಬ ಮಹಿಳೆ' ಬರೆದದ್ದೆಂದು ಮಾತ್ರ ಇತ್ತು. ಮೊದಲ ಮುದ್ರಣವೆಲ್ಲ ಖರ್ಚಾಗಿ ೧೪೦ ಪೌಂಡು ಲಾಭ ಬಂದಾಗ ತನ್ನ ಅದೃಷ್ಟವನ್ನು ಅವಳೇ ನಂಬಲಾರದೆ ಹೋದಳು. ಅಮೆರಿಕದ ತೋರೋವಿನ ಅದೃಷ್ಟ ಬೇರೆ. ೧೮೪೯ರಲ್ಲಿ ಅಚ್ಚಾದ ಅವನ ಮೊದಲ ಪುಸ್ತಕದ ೧೦೦೦ ಪ್ರತಿಗಳಲ್ಲಿ ೭೦೬ನ್ನು ಪ್ರಕಾಶಕರು ೧೮೫೩ರಲ್ಲಿ ಬಂಡಿಯ ಮೇಲೆ ಹೇರಿ ಅವನ ಮನೆಗೆ ಕಳುಹಿಸಿಬಿಟ್ಟರು. ತನ್ನ ಮನೆಯಲ್ಲಿ ಈಗ ಸುಮಾರು ೯೦೦ ಗ್ರಂಥಗಳ ಭಂಡಾರವಿದೆಯೆಂದೂ, ಅದರಲ್ಲಿ ೭೦೦ಕ್ಕೂ ಮೇಲ್ಪಟ್ಟವನ್ನು ತಾನೇ ಬರೆದದ್ದೆಂದೂ ಅವನು ದಿನಚರಿಯಲ್ಲಿ ಬರೆದುಕೊಂಡ. ಆ ಹೊರೆಯನ್ನು ಅಟ್ಟಕ್ಕೆ ಹೊತ್ತವನೂ ಅವನೇ. ಈ ಪ್ರಸಂಗವನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ನಗುನಗುತ್ತ ಹೇಳಿದ್ದೇವೆ. ನಮ್ಮ ಮನೆಯಲ್ಲಿಯೂ ಅಂಥ ಒಂದು ಅಟ್ಟವುಂಟೆಂಬ ನೆನಪು ಆಗ ಒಮ್ಮೆಯೂ ಬರಲಿಲ್ಲ.

ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. ನಮ್ಮ ಮೈಸೂರಿನಲ್ಲಿಯೇ ಆರ್. ಕೆ. ನಾರಾಯಣರು ಬರೆದ ಮೊದಲ ಕಾದಂಬರಿಯ ಹಸ್ತಪ್ರತಿ ವಿಲಾಯತಿಯಲ್ಲಿ ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆದು ಹಿಂದಿರುಗುತ್ತಿತ್ತು. ಬೇಸತ್ತ ಅವರು ಅಲ್ಲಿದ್ದ ಸ್ನೇಹಿತರಿಗೆ, ಅದಕ್ಕೆ ಒಂದು ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡುವಂತೆ ಬರೆದರು. ಸ್ನೇಹಿತರು ಮುಳುಗಿಸದೆ ಅದನ್ನು ಗ್ರಹಾಂ ಗ್ರೀನರ ಕೈಗೆ ಕೊಟ್ಟರು. ಅವರ ಪ್ರಯತ್ನದಿಂದ ೧೯೩೫ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಲಂಡನ್ನಿನಲ್ಲಿ ಪ್ರಕಟವಾಯಿತು. ಮೆಚ್ಚಿಗೆ ಬಂತು, ಮಾರಾಟ ಬರಲಿಲ್ಲ. ಎರಡನೆಯ ಕಾದಂಬರಿಗೆ ಬೇರೆ ಪ್ರಕಾಶಕರನ್ನೇ ಹುಡುಕಬೇಕಾಯಿತು. ಆದರೂ ಒಬ್ಬ ಓದುಗನು ಸಿಕ್ಕಿದ್ದ; ಅವನು ಸಾಕಾಗಿದ್ದ. ಅದೇ ೧೯೩೫ರಲ್ಲಿ ಅದೇ ಮೈಸೂರಿನಲ್ಲಿ ಡಾ|| ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದರೆಂಬುದನ್ನು ಇಲ್ಲಿ ನೆನೆಯಬಹುದು. ಬಾನುಲಿಯಲ್ಲಿ ಮಾತನಾಡುವವನ ಸ್ಥಿತಿಯೂ ಹೊಸ ಗ್ರಂಥಕರ್ತನ ಸ್ಥಿತಿಯೂ ಒಂದೇ. ಎದುರಿಗೆ ಮುಖಗಳಿಲ್ಲ. ಯಾರೋ ಕೇಳುತ್ತಿದ್ದಾರೆಂಬ ನಂಬಿಕೆಯೊಂದೇ ಆಧಾರ.

ಕನ್ನಡದಲ್ಲಿ ಗಳಗನಾಥರನ್ನು ಈ ಸಂದರ್ಭದಲ್ಲಿ ನೆನೆಯದಿದ್ದರೆ ಅಪಚಾರವಾಗುತ್ತದೆ. ೧೮೬೯ರಿಂದ ೧೯೪೨ರವರೆಗೆ ಬಾಳಿದ ಆ ಹಿರಿಯರು ಕಾದಂಬರಿಗಳನ್ನು ಬರೆದದ್ದಲ್ಲದೆ, ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು, ಮನೆಮನೆಯ ಬಾಗಿಲಿಗೆ ಹೋಗಿ ಮಾರಿದರು. ಕೊಂಡವರ ಮುಖವನ್ನು ಕಂಡ ಭಾಗ್ಯ ಅವರದು. ಇದಕ್ಕೆ ವಿರುದ್ಧವಾದದ್ದು ಮುದ್ದಣನ ಕಥೆ. ನಂದಳಿಕೆಯ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, ತನ್ನ ಕೃತಿಗಳನ್ನು ಯಾರೋ ಪ್ರಾಚೀನ ಕವಿಯ ಕೃತಿಗಳೆಂದು ಹೇಳಿ ಮೈಸೂರಿನ 'ಕಾವ್ಯಮಂಜರಿ'ಗೆ ಕಳುಹಿಸಿದನು. ಅವು ಅಚ್ಚಾದವು, ಪಂಡಿತರು ತಲೆದೂಗಿದರು. ಹೊಗಳಿಕೆಯೆಲ್ಲ ಎಂದೂ ಇಲ್ಲದಿದ್ದ ಹಳೆಯ ಕವಿಗೆ ಸಂದಿತು. ೧೯೦೧ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ಅವನು ತೀರಿಕೊಂಡನು. ಬರೆದವನು ಅವನೇ ಎಂಬುದು ಲೋಕಕ್ಕೆ ಸ್ಥಿರಪಟ್ಟದ್ದು ಎಷ್ಟೋ ವರ್ಷಗಳ ಮೇಲೆ. ಒಬ್ಬ ಓದುಗನು ಬಂದು, "ಇದನ್ನು ಬರೆದವರು ನೀವೋ?" ಎಂದು ಕೇಳುವ ಸುಖ, ಕನ್ನಡದ ಅಷ್ಟು ಸರಸ ಗದ್ಯವನ್ನು ಬರೆದವನಿಗೆ ದೊರೆಯದೆ ಹೋಯಿತು.

ಈ ದೊಡ್ಡವರ ಸಾಲಿನಲ್ಲಿ ನಮ್ಮ ಏಳು ಪ್ರತಿಗಳನ್ನು ನಿಲ್ಲಿಸುವ ಉದ್ಧಟತನ ನಮಗಿಲ್ಲ. ಮಾರನೆಯ ದಿನದಿಂದ ನಾವು ಮಾಡಿದ್ದು, ಆ ಏಳು ಮಂದಿ ಯಾರೆಂದು ಪತ್ತೆ ಹಚ್ಚುವ ಕೆಲಸ. ಅದನ್ನು ಮಾಡಬಾರದಾಗಿತ್ತು. ಒಂದು ನಾವೇ ಕೊಂಡದ್ದು. ಎರಡು, ನಮ್ಮ ಸಹೋದ್ಯೋಗಿಯೊಬ್ಬರು ದಾಕ್ಷಿಣ್ಯಕ್ಕೆ ಕೊಂಡದ್ದು. ಒಂದನ್ನು ಹಳೆಯ ವಿದ್ಯಾರ್ಥಿಯೊಬ್ಬನು ಕೊಂಡು, ಸಹಿ ಹಾಕಿಸಿಕೊಳ್ಳಲು ಮನೆಗೇ ಬಂದಿದ್ದ. ಇನ್ನೆರಡು? ಪಕ್ಕದ ಮನೆಯ ಹುಡುಗನು ಬಾಯಿ ತಪ್ಪಿ ಹೇಳಿಬಿಟ್ಟ: ನಮ್ಮ ಮನೆಯವರು ಅವನ ಕೈಯಲ್ಲಿ ಹಣ ಕೊಟ್ಟು ತರಿಸಿ, ಎರಡನ್ನೂ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದರು. ಕೇಳಿದಾಗ, "ಮೂರು ತಿಂಗಳಾದ ಮೇಲೆ ಒಂದೂ ಹೋಗಿಲ್ಲ ಅಂತ ಅಂಗಡಿಯವರು ಹೇಳಿದ್ದರೆ ನೀವು ಊಟ ಮಾಡ್ತಿದ್ರಾ?" ಎಂದರು. ಇಂಥ ಪ್ರಶ್ನೆಗೆ ಉತ್ತರ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅಲ್ಲಿಗೆ ಆರು. ಏಳನೆಯ ಪ್ರತಿಯೊಂದು ಉಳಿಯಿತು. ನಮ್ಮನ್ನು ಅರಿಯದ, ನಮ್ಮ ದಾಕ್ಷಿಣ್ಯಕ್ಕೆ ಸಿಕ್ಕದ, ನಮ್ಮ ಊಟದ ಚಿಂತೆಯಿಲ್ಲದ ಯಾರೋ ಒಬ್ಬರು ೧೨೦ ರೂಪಾಯಿ ಕೊಟ್ಟು ಅದನ್ನು ಒಯ್ದಿದ್ದರು. ಆ ಲಕೋಟೆಯಲ್ಲಿದ್ದ ೫೬೦ ರೂಪಾಯಿಗಳಲ್ಲಿ ನಿಜವಾದ ಸಂಪಾದನೆ ೮೦ ರೂಪಾಯಿ ಎಂದಾಯಿತು.

ಮೈಸೂರು ಪಾಕು, ಮಲ್ಲಿಗೆ ಕಳೆದು ಉಳಿದ ಹಣವನ್ನು ನಾವು ತಾಯಿಯವರ ಕೈಯಲ್ಲಿ ಇಟ್ಟಿದ್ದೆವು. ಮೊದಲ ಸಂಬಳವನ್ನೂ ಹಾಗೆಯೇ ಇಟ್ಟಿದ್ದೆವು. ಆಗ ಅವರು ಕಣ್ಣಿಗೆ ಒತ್ತಿಕೊಂಡು ದೇವರ ಮುಂದಿಟ್ಟಿದ್ದರು. ಈ ಸಲ ಬಹಳ ಹೊತ್ತು ಸುಮ್ಮನೆ ಕೈಯಲ್ಲಿಯೇ ಹಿಡಿದುಕೊಂಡಿದ್ದು, "ನಿಮ್ಮಪ್ಪನದು ಒಂದೂ ಹೋಗಲಿಲ್ಲವಲ್ಲ, ಮಗು," ಎಂದರು. ಅದಕ್ಕೆ ನಾವು ಏನನ್ನೂ ಹೇಳಲಿಲ್ಲ.

ಇದಾದ ಮೂರು ವಾರಗಳ ಮೇಲೆ ಒಂದು ಕಾರ್ಡು ಬಂತು. ಅರಸೀಕೆರೆಯ ಕಡೆಯ ಹಳ್ಳಿಯೊಂದರಿಂದ ವೃದ್ಧರೊಬ್ಬರು ಬರೆದದ್ದು. ಅಕ್ಷರ ನಡುಗಿತ್ತು, ಭಾಷೆ ನಡುಗಿರಲಿಲ್ಲ. ಮೈಸೂರಿನಲ್ಲಿ ಓದುತ್ತಿರುವ ಮೊಮ್ಮಗ ರಜಕ್ಕೆ ಬರುವಾಗ ತಮ್ಮ ಪುಸ್ತಕವನ್ನು ತಂದುಕೊಟ್ಟನೆಂದೂ, ಎರಡು ಸಲ ಓದಿದೆನೆಂದೂ ಮೊದಲಲ್ಲಿ ಬರೆದಿದ್ದರು. ಮುಂದಿನ ಮಾತು ಹೀಗಿತ್ತು: "೭೧ನೆಯ ಪುಟದಲ್ಲಿ ತಾವು ದೊಡ್ಡ ಮಳೆಯ ರಾತ್ರಿ ಊರ ಹಿರಿಯರು ಹೋಗಿ ಕೆರೆಯ ತೂಬನ್ನು ಎತ್ತಿ ಹೆಚ್ಚಿನ ನೀರನ್ನು ಬಿಟ್ಟರೆಂದು ಬರೆದಿದ್ದೀರಿ. ಹಾಗೆ ಯಾರೂ ಮಾಡುವುದಿಲ್ಲ. ತೂಬು ಇರುವುದು ಗದ್ದೆಗೆ ನೀರು ಬಿಡುವುದಕ್ಕೆ. ಹೆಚ್ಚಿನ ನೀರು ಕೋಡಿಯಲ್ಲಿ ತಾನಾಗಿಯೇ ಹೋಗುತ್ತದೆ. ಮಳೆಯಲ್ಲಿ ತೂಬು ಎತ್ತಿದರೆ ಕೆಳಗಿನ ಪೈರೆಲ್ಲ ಹಾಳಾಗುತ್ತದೆ. ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳಬೇಕು."

ಈ ಕಾರ್ಡನ್ನು ಓದಿ ನಮಗಾದ ಸಂತೋಷವನ್ನು ಹೇಗೆ ಹೇಳುವುದು? ಒಬ್ಬರು ೭೧ನೆಯ ಪುಟವನ್ನು ಮುಟ್ಟಿದ್ದರು. ಮುಟ್ಟಿದ್ದಷ್ಟೇ ಅಲ್ಲ, ಅಲ್ಲಿ ನಿಂತು ನಾವು ಹೇಳಿದ್ದು ನಿಜವೇ ಎಂದು ಯೋಚಿಸಿದ್ದರು. ಅದಕ್ಕಿಂತ ಹೆಚ್ಚಾಗಿ, ಮುಂದಿನ ಮುದ್ರಣವೊಂದು ಆಗುವುದೆಂದು ನಂಬಿದ್ದರು! ಹೊಗಳಿಕೆಯನ್ನು ಪುಸ್ತಕ ಓದದೆಯೂ ಬರೆಯಬಹುದು. ತಪ್ಪನ್ನು ತೋರಿಸಬೇಕಾದರೆ ಓದಲೇಬೇಕು. ನಾವು ಇಪ್ಪತ್ತು ವರ್ಷ ಪಾಠ ಹೇಳಿಯೂ ಈ ಸಣ್ಣ ವಿವೇಕವನ್ನು ಪಡೆದಿರಲಿಲ್ಲ.

ಆದರೆ ಮೇಷ್ಟರ ಸ್ವಭಾವ ಅಷ್ಟು ಬೇಗ ಹೋಗುವುದಿಲ್ಲ. ವೃದ್ಧರು ಹೇಳಿದ್ದು ಸರಿಯೇ ಎಂದು ಪರೀಕ್ಷಿಸಿ ನೋಡಬೇಕೆನಿಸಿತು. ನಮ್ಮ ಕಪಾಟಿನಲ್ಲಿ ಲ್ಯಾಂಬನಿದ್ದ, ಹ್ಯಾಸ್ಲಿಟ್ಟನಿದ್ದ. ಕೆರೆಯ ತೂಬಿನ ವಿಷಯವನ್ನು ಅವರಲ್ಲಿ ಕೇಳುವಂತಿರಲಿಲ್ಲ. ಹಾಗೆ ಯೋಚಿಸುತ್ತಿದ್ದಾಗ ಅಟ್ಟದ ನೆನಪು ಬಂತು. ಏಣಿ ಹಾಕಿ ಹತ್ತಿದೆವು. ಗೆದ್ದಲು ತಿಂದು ಬಿಟ್ಟ ಕಟ್ಟಿನ ನಡುವೆ ಹನ್ನೊಂದು ಪ್ರತಿಗಳು ಓದುವ ಹಾಗೆ ಉಳಿದಿದ್ದವು. ಅಲ್ಲಿಯೇ ಕುಳಿತು ತೆರೆದೆವು. ಒಂಬತ್ತನೆಯ ಪುಟದಲ್ಲಿಯೇ ಎಲ್ಲವೂ ಇತ್ತು. ಏರಿಯೆಂದರೇನು, ಕೋಡಿಯನ್ನು ಏರಿಗಿಂತ ಎಷ್ಟು ತಗ್ಗಿನಲ್ಲಿ ಇಡಬೇಕು, ತೂಬನ್ನು ಯಾವಾಗ ಎತ್ತಬೇಕು, ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಗೆ ನೀರು ಸೇರುವಂತೆ ನೀರಗಂಟಿಯು ಸರದಿಯನ್ನು ಹೇಗೆ ಹಂಚುತ್ತಾನೆ, ಎಲ್ಲವನ್ನೂ ನಮ್ಮ ತಂದೆಯವರು ಮಗ್ಗಿ ಹೇಳಿಕೊಟ್ಟಷ್ಟು ಸ್ಪಷ್ಟವಾಗಿ ಬರೆದಿದ್ದರು. ಊರಿನ ನೀರಗಂಟಿಯು ಬೇಸಗೆಯ ರಾತ್ರಿ ಲಾಂದ್ರ ಹಿಡಿದು ಕಾಲುವೆಯ ಉದ್ದಕ್ಕೂ ನಡೆಯುವುದನ್ನು ವರ್ಣಿಸಿದ ಎರಡು ಪುಟಗಳಂತೂ, ನಾವು ಬರೆದ ೧೨೮ ಪುಟಗಳಲ್ಲಿ ಎಲ್ಲಿಯೂ ಇಲ್ಲದ ಬಗೆಯವು.

ಹೇಳಿಕೊಳ್ಳಲು ನಾಚಿಕೆಯಾಗುವ ಮಾತನ್ನು ಈಗ ಹೇಳಲೇಬೇಕು. ಆ ಪುಸ್ತಕವನ್ನು ನಾವು ಓದುತ್ತಿದ್ದುದು ಅದೇ ಮೊದಲು. ಎಳೆಯ ವಯಸ್ಸಿನಲ್ಲಿ ಅದು ಬಳೆಯನ್ನು ನುಂಗಿದ ಪುಸ್ತಕವೆಂದು ಕೇಳಿದ್ದೆವು. ಕಾಲೇಜನ್ನು ಸೇರಿದ ಮೇಲೆ, ಹಳ್ಳಿಯ ಮೇಷ್ಟರು ಕೆರೆಯ ವಿಷಯವಾಗಿ ಬರೆದದ್ದರಲ್ಲಿ ಏನಿದ್ದೀತೆಂಬ ಭಾವನೆ. ರಜಕ್ಕೆ ಊರಿಗೆ ಹೋದಾಗಲೆಲ್ಲ ತಂದೆಯವರು, "ಏನು ಓದುತ್ತಿದ್ದೀಯೆ?" ಎಂದು ಕೇಳುತ್ತಿದ್ದರು. ನಾವು ವಿಲಾಯತಿಯ ಹೆಸರುಗಳನ್ನು ಹೇಳುತ್ತಿದ್ದೆವು. ಅವರು ಕೇಳಿ ಸಂತೋಷಪಡುತ್ತಿದ್ದರು. ತಮ್ಮ ಪುಸ್ತಕದ ಮಾತನ್ನು ಒಂದು ದಿನವಾದರೂ ಎತ್ತಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಅವರು ತೀರಿಕೊಂಡರು. ಪುಸ್ತಕವನ್ನು ಲೋಕವು ಕೊಳ್ಳಲಿಲ್ಲವೆಂಬುದು ನಿಜ. ಆದರೆ ಅವರಿಗೆ ಬೇಕಾಗಿದ್ದ ಒಬ್ಬ ಓದುಗನು ಅದೇ ಸೂರಿನ ಕೆಳಗಿದ್ದನು. ಅವನು ಓದಲಿಲ್ಲ. ಬ್ರಾಂಟೆ ಸೋದರಿಯರಿಗೆ ವಾರಿಕ್ಕಿನಿಂದ ಬಂದಂಥ ಒಂದು ಕಾಗದವನ್ನು ಕೊಡಲು ನಮಗೆ ಹಣ ಬೇಕಾಗಿರಲಿಲ್ಲ, ಪಾಂಡಿತ್ಯ ಬೇಕಾಗಿರಲಿಲ್ಲ. ಒಂದು ಮಧ್ಯಾಹ್ನ ಸಾಕಾಗಿತ್ತು.

ವೃದ್ಧರಿಗೆ ನಾವು ಉತ್ತರ ಬರೆದೆವು. ತಪ್ಪನ್ನು ಒಪ್ಪಿಕೊಂಡು, ವಂದನೆಗಳನ್ನು ತಿಳಿಸಿ, ಜೊತೆಗೆ ತಂದೆಯವರ ಪುಸ್ತಕದ ಒಂದು ಪ್ರತಿಯನ್ನೂ ಕಳುಹಿಸಿದೆವು. ಒಂದು ಪ್ರತಿಯನ್ನು ಕಾ‍ಲೇಜಿನ ಪುಸ್ತಕ ಭಂಡಾರಕ್ಕೆ ಕೊಟ್ಟೆವು. ಹದಿನೈದು ದಿನಗಳ ಮೇಲೆ ಎರಡನೆಯ ಕಾರ್ಡು ಬಂತು. ಅದರಲ್ಲಿ ಮೂರೇ ವಾಕ್ಯಗಳಿದ್ದವು: "ತಮ್ಮ ತಂದೆಯವರ ಪುಸ್ತಕ ತಲುಪಿತು. ಎರಡು ಸಲ ಓದಿದೆ. ತಪ್ಪು ಕಾಣಲಿಲ್ಲ."

ತಾಯಿಯವರಿಗೆ ಅದನ್ನು ಓದಿ ಹೇಳಿದೆವು. ಇನ್ನೊಂದು ಸಲ ಓದೆಂದರು. ಓದಿದೆವು. ಕಾರ್ಡನ್ನು ಕೈಗೆ ತೆಗೆದುಕೊಂಡು, ದೇವರ ಮುಂದೆ ಇಟ್ಟಿದ್ದ ನಮ್ಮ ಲಕೋಟೆಯ ಜೊತೆಯಲ್ಲಿ ಅದನ್ನೂ ಇಟ್ಟರು.

ಮೊದಲ ಪುಸ್ತಕದ ಸಂಭಾವನೆಯೆಂದರೆ ಏನೆಂಬುದನ್ನು ಇಷ್ಟರಿಂದ ಊಹಿಸಿಕೊಳ್ಳಬಹುದು. ಅದನ್ನು ಕೊಡುವ ಶಕ್ತಿ ಸರಕಾರಕ್ಕಿಂತಲೂ ಸಭೆಗಳಿಗಿಂತಲೂ ಹೆಚ್ಚಾಗಿ ಓದುವವರಲ್ಲಿದೆ. ನಮ್ಮ ಕೇಳುಗರಲ್ಲಿ ನಮ್ಮದೊಂದು ವಿಜ್ಞಾಪನೆ. ಹೊಸಬರ ಪುಸ್ತಕವೊಂದು ನಿಮ್ಮ ಕೈಗೆ ಬಂದರೆ, ಸಾಧ್ಯವಾದರೆ ಕೊಂಡು ಓದಿ. ಓದಿದ ಮೇಲೆ ಬರೆದವನಿಗೆ ಎರಡು ಸಾಲು ಬರೆಯಿರಿ. ಮೆಚ್ಚಿಗೆಯಾಗದಿದ್ದರೆ ತಪ್ಪನ್ನಾದರೂ ತೋರಿಸಿ, ಪುಟದ ಸಂಖ್ಯೆಯನ್ನು ಮರೆಯದೆ ನಮೂದಿಸಿ. ಪುಸ್ತಕ ಬರೆದವರು ನಿಮ್ಮ ಮನೆಯವರೇ ಆಗಿದ್ದರೆ, ಆ ಕೆಲಸವನ್ನು ನಾಳೆಗೆ ಇಡಬೇಡಿ.

ನಮ್ಮ ಪುಸ್ತಕ ಇದುವರೆಗೆ ೩೧ ಪ್ರತಿಗಳು ಖರ್ಚಾಗಿವೆ. ಉಳಿದವು ಮನೆಯಲ್ಲಿ ಕ್ಷೇಮವಾಗಿವೆ. ಅಟ್ಟಕ್ಕೆ ಗೆದ್ದಲಿನ ಔಷಧಿಯನ್ನು ಹೊಡೆಸಿದ್ದೇವೆ.